ಮಗ ಕಳುಹಿಸಿದ ಮದ್ದು

ಕೆಲವು ಭಾನುವಾರಗಳ ಹಿಂದೆ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಮಾತನಾಡುತ್ತ ನಿಂತಿದ್ದಾಗ ಎಪ್ಪತ್ತು ದಾಟಿದ ಹಿರಿಯರೊಬ್ಬರು ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಮಧುಮೇಹವನ್ನು 21 ದಿನಗಳಲ್ಲಿ ಬೇರುಸಹಿತ ಕಿತ್ತೊಗೆಯುವುದೆಂಬ ಕಷಾಯವೊಂದರ ವರ್ಣನೆ ಅದರಲ್ಲಿತ್ತು. ಹತ್ತು ದಿನಗಳಿಂದ ಅವರು ಅದನ್ನು ಕುಡಿಯುತ್ತಿದ್ದರು. ವರ್ಷಗಳಿಂದ ಸೇವಿಸುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಿಬಿಟ್ಟಿದ್ದರು. ಇದನ್ನು ಹೇಗೆ ನಂಬಿದಿರಿ ಎಂದು ಕೇಳಿದೆವು. "ಕುವೈಟಿನಲ್ಲಿರುವ ಮಗನೇ ಕಳುಹಿಸಿದ್ದು. ಅವನು ನನಗೆ ಕೆಟ್ಟದ್ದನ್ನು ಕಳುಹಿಸುತ್ತಾನೆಯೇ, ನೀವೇ ಹೇಳಿ?" ಎಂದರು.

ಸಮಸ್ಯೆಯ ತಿರುಳು ಈ ಉತ್ತರದಲ್ಲೇ ಇದೆ. ಆ ತಂದೆ ನಂಬಿದ್ದು ಅಂತರ್ಜಾಲವನ್ನಲ್ಲ, ಮಗನನ್ನು. ಯಾರು ಬರೆದರೆಂದೇ ತಿಳಿಯದ ಮಾತೊಂದು ಮಗನ ಹೆಸರಿನಡಿಯಲ್ಲಿ ಬಂದುದರಿಂದ ಅದಕ್ಕೆ ಮಗನ ಪ್ರೀತಿಯ ತೂಕ ಬಂತು.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿಯನ್ನು ದಾಟಿತ್ತು. ಅದು ಏರುತ್ತಲೇ ಇದೆ. ಕರಾವಳಿಯ ನಮ್ಮ ಕುಟುಂಬಗಳ ಪರಿಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಮುಂಬಯಿ, ಬೆಂಗಳೂರುಗಳಲ್ಲೋ ಇದ್ದರೆ ದೊಡ್ಡ ಮನೆಯಲ್ಲಿ ವೃದ್ಧ ದಂಪತಿ ಇಬ್ಬರೇ. ಅವರಿಗೆ ಮೊಬೈಲು ಮಕ್ಕಳ ದನಿ ಕೇಳಿಸುವ ಸೇತುವೆ. ಆ ಸೇತುವೆಯ ಮೇಲೆ ಏನೇನು ದಾಟಿ ಬರುತ್ತಿದೆ ಎಂಬುದನ್ನು ಮಾತ್ರ ನಾವು ಗಮನಿಸುತ್ತಿಲ್ಲ.

ನಂಬಲರ್ಹವಾದ ಮಾಹಿತಿ ಹೇಗಿರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ವರದಿಯಲ್ಲಿ ಆರೋಗ್ಯಕರ ವೃದ್ಧಾಪ್ಯವೆಂದರೆ ರೋಗವೇ ಇಲ್ಲದಿರುವುದೆಂದು ಹೇಳಲಿಲ್ಲ. ತಮಗೆ ಮುಖ್ಯವೆನಿಸಿದ ಕೆಲಸಗಳನ್ನು ಮಾಡಿಕೊಂಡು ನೆಮ್ಮದಿಯಿಂದ ಬಾಳುವ ಶಕ್ತಿಯನ್ನು ಉಳಿಸಿಕೊಳ್ಳುವುದೆಂದಿತು. ಅದೇ ಸಂಸ್ಥೆಯ 2020ರ ಮಾರ್ಗಸೂಚಿಯು 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆಯನ್ನೂ, ಬೀಳದಂತೆ ಕಾಪಾಡುವ ಸಮತೋಲನ ಹಾಗೂ ಶಕ್ತಿವರ್ಧನೆಯ ವ್ಯಾಯಾಮವನ್ನು ವಾರಕ್ಕೆ ಮೂರು ದಿನವಾದರೂ ಮಾಡುವುದು ಹಿತವೆನ್ನುತ್ತದೆ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂಬುದೂ ಅದರ ಸಲಹೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಭಾರತೀಯರ ಆಹಾರಕ್ಕೆ 17 ಸೂತ್ರಗಳನ್ನು ಹೊರತಂದಿತು. ಇವುಗಳಲ್ಲಿ ಚಮತ್ಕಾರವಿಲ್ಲ, ಗುಟ್ಟಿಲ್ಲ, ಮಾರಾಟಕ್ಕಿಟ್ಟ ಬಾಟಲಿಯೂ ಇಲ್ಲ. ಒಳ್ಳೆಯ ಮಾಹಿತಿ ಬಹುಮಟ್ಟಿಗೆ ಸಪ್ಪೆಯಾಗಿಯೇ ಇರುತ್ತದೆ. ಆದುದರಿಂದಲೇ ಅದನ್ನು ಯಾರೂ ಹಂಚುವುದಿಲ್ಲ.

ಇನ್ನು ಕಾನೂನಿನ ಮಾತು. ಮದ್ದು ಹಾಗೂ ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆ ನಮ್ಮಲ್ಲಿ 1954ರಿಂದಲೇ ಇದೆ. ಅದರ ಪಟ್ಟಿಯಲ್ಲಿ ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್, ಕಣ್ಣಿನ ಪೊರೆ, ಪಾರ್ಶ್ವವಾಯು, ಕಿವುಡುತನ ಎಲ್ಲವೂ ಸೇರಿವೆ. ಹೆಚ್ಚಿನವು ಮುಪ್ಪಿನಲ್ಲಿ ಕಾಡುವ ರೋಗಗಳೇ. ಇವುಗಳನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ನೀಡುವುದೇ ಅಪರಾಧ. ಹಾಗಿರುವಾಗ ಸಾಮಾನ್ಯ ಓದುಗನಿಗೂ ಒಂದು ಅಳತೆಗೋಲು ದೊರೆತಂತಾಯಿತು: ಮಧುಮೇಹವನ್ನು ಬೇರುಸಹಿತ ಕೀಳುತ್ತೇನೆಂದು ಯಾರಾದರೂ ಮದ್ದು ಮಾರಲು ಬಂದರೆ, ಆ ವಾಗ್ದಾನವೇ ನಮಗೆ ಎಚ್ಚರಿಕೆಯ ಗಂಟೆ.

ದಾರಿತಪ್ಪಿಸುವ ಆರೋಗ್ಯ ಜಾಹೀರಾತುಗಳ ಕುರಿತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ಮೇ 7ರಂದು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು. ಅಂಥ ಜಾಹೀರಾತಿಗೆ ಮುಖಕೊಟ್ಟು ಪ್ರಚಾರ ಮಾಡುವ ಖ್ಯಾತನಾಮರೂ ತಯಾರಕರಷ್ಟೇ ಹೊಣೆಗಾರರು ಎಂಬುದೇ ಆ ಮಾತು. ಕಾನೂನು ಖ್ಯಾತನಾಮರಿಗೆ ಹೊರಿಸಿದ ಈ ಹೊಣೆಯನ್ನು ನಮ್ಮ ಆತ್ಮಸಾಕ್ಷಿಯು ನಮಗೆ ಹೊರಿಸಬೇಡವೇ? ತಂದೆತಾಯಿಗಳ ಪಾಲಿಗೆ ಸಿನಿಮಾ ನಟನಿಗಿಂತ ಹೆಚ್ಚು ನಂಬಿಕೆಯುಳ್ಳವರು ನಾವೇ ಅಲ್ಲವೇ?

ಸದುದ್ದೇಶವಿದ್ದರೆ ಸಾಕೆಂದು ಕೆಲವರು ಹೇಳಬಹುದು. 2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿಯ ಕ್ಯಾನ್ಸರ್ ಗುಣವಾಗಲು ಅರಸಿನ, ಬೇವು, ಲಿಂಬೆ ನೀರು, ಉಪವಾಸಗಳೂ ಕಾರಣವೆಂದರು. ಆ ಮಾತು ದೇಶದಾದ್ಯಂತ ಹರಿದಾಡಿತು. ಪತ್ನಿಯ ಮೇಲಿನ ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಆಕೆ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಗೂ ಒಳಗಾಗಿದ್ದರೆಂಬ ಸಂಗತಿ ಹರಿದಾಟದ ನಡುವೆ ಮರೆಯಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಹಾಗೂ ಮಾಜಿ ತಜ್ಞರು 262 ಮಂದಿ ಹೇಳಿಕೆಯೊಂದನ್ನು ಹೊರಡಿಸಿ, ಇದಕ್ಕೆ ದೃಢವಾದ ಪುರಾವೆಯಿಲ್ಲ, ಇದನ್ನು ನಂಬಿ ಚಿಕಿತ್ಸೆಯನ್ನು ತಡಮಾಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಆ ಆಹಾರಕ್ರಮವನ್ನು ವೈದ್ಯರ ಸಲಹೆಯಂತೆಯೇ ಅನುಸರಿಸಿದೆವು ಎಂದು ಸಿಧು ಬಳಿಕ ವಿವರಿಸಿದರು. ಒಬ್ಬರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಎಲ್ಲರಿಗೂ ಮದ್ದಾಗದು.

ಹಾಗೆಂದು ಅಜ್ಜಿಯ ಕಷಾಯವನ್ನು ನಾವಿಲ್ಲಿ ಹಳಿಯುತ್ತಿಲ್ಲ. ಶೀತಕ್ಕೆ ಶುಂಠಿ, ಮೆಣಸು ಕುದಿಸಿ ಕುಡಿದವರೇ ನಾವೆಲ್ಲರೂ. ಆದರೆ ಮಾತ್ರೆಯ ಜಾಗದಲ್ಲಿ ಕಷಾಯ ಬಂದು ಕೂತಾಗ ಅಪಾಯ ಆರಂಭವಾಗುತ್ತದೆ. ಮಾತ್ರೆಯ ಜತೆಗೆ ಕುಡಿದರೂ ಎಚ್ಚರ ಬೇಕು. ಮಧುಮೇಹದ ಮಾತ್ರೆಯೊಂದಿಗೆ ಹಾಗಲಕಾಯಿ ರಸ ಸೇರಿದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿಯಬಹುದು. ವೃದ್ಧರಿಗೆ ಹಾಗಾದರೆ ತಲೆಸುತ್ತಿ ಬಿದ್ದು ಮೂಳೆ ಮುರಿಯಲು ಒಂದು ಕ್ಷಣ ಸಾಕು.

ಆದುದರಿಂದ ಮೊಬೈಲಿನ ಗುಂಡಿ ಒತ್ತುವ ಮುನ್ನ ನಮ್ಮನ್ನು ನಾವೇ ಕೆಲವು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಹೇಳಿದವರು ಯಾರು, ಅವರ ವಿದ್ಯಾರ್ಹತೆಯೇನು? ಹೇಳಿದ್ದು ಯಾವ ವರ್ಷ? ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ? ಈಗಿರುವ ಔಷಧವನ್ನು ಬಿಡಲು ಹೇಳುತ್ತಿದ್ದಾರೆಯೇ? ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅದನ್ನು ಅಲ್ಲಿಗೇ ಅಳಿಸಿಬಿಡಬೇಕು. ಪ್ರಸಿದ್ಧ ವೈದ್ಯರ ಮುಖ ಕಂಡ ಮಾತ್ರಕ್ಕೆ ಮೋಸಹೋಗಬಾರದು; ಇಂದು ಮುಖವನ್ನೂ ದನಿಯನ್ನೂ ಯಂತ್ರದಿಂದ ಸೃಷ್ಟಿಸಬಹುದು. ದೂರದಲ್ಲಿರುವ ಮಕ್ಕಳು ನಿಜಕ್ಕೂ ನೆರವಾಗಬಯಸಿದರೆ ಕೇಂದ್ರ ಸರಕಾರದ ಇ-ಸಂಜೀವಿನಿಯ ಮೂಲಕ ವೈದ್ಯರನ್ನೇ ತಂದೆತಾಯಿಯೊಂದಿಗೆ ಉಚಿತವಾಗಿ ಮಾತನಾಡಿಸಬಹುದು. ಅಥವಾ ಆಸ್ಪತ್ರೆಗೆ ಹೋಗುವ ದಿನ ಫೋನಿನಲ್ಲಿ ಜತೆಗಿದ್ದು, ವೈದ್ಯರು ಹೇಳಿದ್ದನ್ನು ಕೇಳಿ ಬರೆದಿಟ್ಟುಕೊಳ್ಳಬಹುದು.

ಆ ಹಿರಿಯರನ್ನು ಮರುದಿನವೇ ವೈದ್ಯರ ಬಳಿಗೆ ಕಳುಹಿಸಿದೆವು. ರಕ್ತದ ಸಕ್ಕರೆ ಸಾಕಷ್ಟು ಏರಿತ್ತು. ಮಾತ್ರೆ ಮತ್ತೆ ಆರಂಭವಾಯಿತು. ಅಂದು ರಾತ್ರಿ ಮಗ ಕುವೈಟಿನಿಂದ ನಮಗೆ ಫೋನ್ ಮಾಡಿದ. ಆ ವೀಡಿಯೊವನ್ನು ಅವನು ಪೂರ್ತಿ ನೋಡಿರಲೇ ಇಲ್ಲ. "ಅಪ್ಪನಿಗೆ ಏನಾದರೂ ಕಳುಹಿಸಬೇಕೆನಿಸಿತು, ಕಳುಹಿಸಿದೆ" ಎಂದ. ಅಪ್ಪನಿಗೆ ಬೇಕಾಗಿದ್ದುದು ಮಗನ ಮಾತು. ಈಗ ಅವನು ಪ್ರತಿ ರಾತ್ರಿ ಐದು ನಿಮಿಷ ಫೋನ್ ಮಾಡಿ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತಾನಂತೆ. ನಮ್ಮ ನಮ್ಮ ಮನೆಗಳಿಗೂ ಅಂಥದೊಂದು ಫೋನ್ ಹೋಗಲಿ.