‘ಬಂದು ಹೋಗೈತಿ’ ಅಂತ ಮಾರಬೇಡ್ರಿ

ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ರೈತ ಬಂಧುಗಳೇ, ಬಾಗಲಕೋಟೆ ಜಿಲ್ಲೆಯ ದನದ ವ್ಯಾಪಾರಸ್ಥರೇ, ದಲಾಲರೇ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬೇಸರವಾದರೂ ಓದಿ.

ಕಾಲುಬಾಯಿ ಬೇನೆ ಏನೆಂದು ನಿಮಗೆ ಹೇಳಿಕೊಡಬೇಕಿಲ್ಲ. ಜೊಲ್ಲು ಸುರಿಸುತ್ತ ಬಾಯಿ ಚಪ್ಪರಿಸುವ ಎತ್ತು, ಗೊರಸಿನ ಸಂದಿಯಲ್ಲಿ ಹುಳ ಬಿದ್ದು ಕಾಲು ಝಾಡಿಸುವ ಆಕಳು, ಮೊಲೆಗೆ ಬಾಯಿ ಹಾಕಿದಲ್ಲೇ ಬಿದ್ದು ಸಾಯುವ ಕರು ಎಲ್ಲ ಕಂಡವರೇ ನೀವು. 2013ರಲ್ಲಿ ಈ ರಾಜ್ಯದಲ್ಲಿ ಸಾವಿರಾರು ದನ ಹೋದದ್ದೂ ಗೊತ್ತು. ಗೊತ್ತಿದ್ದೂ ಮಾಡುತ್ತೀರಲ್ಲ, ಅದಕ್ಕೇ ಸಿಟ್ಟು.

ನಮ್ಮ ಭಾಗದ ಒಂದು ಸಂತೆ. ಮಾರುವವ ಎತ್ತಿನ ಬಾಯನ್ನು ಹಸಿ ಟವೆಲ್ಲಿನಿಂದ ಒರೆಸಿ, ಗೊರಸಿಗೆ ಅರಿಷಿಣ-ಎಣ್ಣೆ ಬಳಿದು, ಕುಂಟುವುದು ಕಾಣದಂತೆ ರಾಡಿಯಲ್ಲಿ ನಿಲ್ಲಿಸಿದ್ದ. ಕೊಳ್ಳಲು ಬಂದ ಹಿರಿಯರು ಅನುಮಾನಪಟ್ಟು ಕೇಳಿದರೆ, “ಬ್ಯಾನಿ ಬಂದು ಹೋಗೈತಿ ಕಾಕಾ, ಒಮ್ಮಿ ಬಂದಿದ್ದು ಮತ್ತ ಬರಂಗಿಲ್ಲ. ಗಟ್ಟಿ ಎತ್ತು” ಎಂದ. ಹಿರಿಯರು ದವಡೆ ಅಗಲಿಸಿ ಹಲ್ಲು ಎಣಿಸಿದರು. ಅದೇ ಕೈಯನ್ನು ಪಕ್ಕದ ಹೋರಿಯ ಬಾಯಿಗೂ ಹಾಕಿದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿತು.

ಆ ಒಂದು ಮಾತನ್ನು ನಾನು ಕ್ಷಮಿಸಲಾರೆ. ನಮ್ಮ ದೇಶದಲ್ಲಿ ಈ ವೈರಸ್ಸಿನ ಮೂರು ಬಗೆಗಳ ಕಾಟವಿದೆ: ಓ, ಎ, ಏಷ್ಯಾ-1. ಒಂದು ಬಂದುಹೋದರೆ ಇನ್ನೊಂದಕ್ಕೆ ತಡೆಯಿಲ್ಲ. ‘ಹೋಗೈತಿ’ ಅನ್ನುವುದೂ ಪೂರ್ತಿ ನಿಜವಲ್ಲ. ಹುಣ್ಣು ಮಾಯ್ದು, ದನ ಮೇವು ಹಿಡಿದ ಮೇಲೂ ಗಂಟಲಿನ ಒಳಪದರದಲ್ಲಿ ವೈರಸ್ ಉಳಿದಿರಬಹುದು. 28 ದಿನ ದಾಟಿಯೂ ಉಳಿದರೆ ಅಂಥ ದನಕ್ಕೆ ತಜ್ಞರು ವಾಹಕ ಎನ್ನುತ್ತಾರೆ. ಆಕಳು-ಎತ್ತಿನಲ್ಲಿ ಅದು ಮೂರು ವರ್ಷ ಮೀರಿಯೂ ಇದ್ದದ್ದುಂಟು, ಕುರಿಯಲ್ಲಿ 9 ತಿಂಗಳವರೆಗೆ. ರಕ್ತದಲ್ಲಿ ರೋಗನಿರೋಧಕ ಶಕ್ತಿ, ಗಂಟಲಲ್ಲಿ ವೈರಸ್, ಎರಡೂ ಒಂದೇ ಮೈಯಲ್ಲಿ! ಲಸಿಕೆ ಹಾಕಿಸಿದ ದನಕ್ಕೂ ಸೋಂಕು ತಗುಲಿದರೆ ಹೀಗಾಗಬಹುದು, ಆದರೆ ಅದು ನರಳಿ ಬೀಳುವುದು ತಪ್ಪುತ್ತದೆ.

ಹಾಗಂತ ಗುಣವಾದ ದನವನ್ನೆಲ್ಲ ಊರು ಬಿಡಿಸಿ ಎನ್ನುತ್ತಿಲ್ಲ. ವಾಹಕ ದನದಿಂದ ಬೇನೆ ಹಬ್ಬುವುದು ಅಪರೂಪ ಎಂದೇ ತಿಳಿದವರ ಅಭಿಪ್ರಾಯ. ಕೇರಿಗೆ ಕೇರಿಯನ್ನೇ ಕೆಡವುವುದು ಹಸಿ ಬೇನೆಯ ದನ. ಬೊಕ್ಕೆ ಏಳುವ ಮೊದಲೇ ಅದರ ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಸ್ ಇರುತ್ತದೆ. ಆ ದನವನ್ನೇ ನೀವು ‘ಬಂದು ಹೋಗೈತಿ’ ಎಂದು ದಾಟಿಸುತ್ತೀರಿ. ಒಂದು ವೇಳೆ ಬದುಕಿದರೂ ಎಷ್ಟೋ ಎತ್ತುಗಳು ಮೈತುಂಬ ಕೂದಲು ಬೆಳೆದು ನಮ್ಮ ಬಿಸಿಲಿಗೆ ತೇಕುತ್ತ ನಿಲ್ಲುತ್ತವೆ. ಅದನ್ನು ಕಟ್ಟಿಕೊಂಡು ಹೊಲ ಹರಗುವುದುಂಟೇ?

ಲಸಿಕೆಯ ಮಾತೆತ್ತಿದರೆ ನೆಪಕ್ಕೇನೂ ಬರವಿಲ್ಲ. “ಹಾಲು ಕಡಿಮಿ ಆಗತೈತಿ”, “ಗಬ್ಬ ಐತಿ”, “ಕಿವಿಯೋಲೆ ಹಾಕಿದ್ರ ರೇಟ್ ಬೀಳತೈತಿ”. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆ ಬಾಗಿಲಿಗೇ ಬಂದು ಬಿಟ್ಟಿ ಹಾಕುತ್ತಾರೆ. ಅದರ ಬಲ ಆರು ತಿಂಗಳಷ್ಟೇ, ಆದ್ದರಿಂದ ವರ್ಷಕ್ಕೆ ಎರಡು ಸಲ ಬೇಕು. ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಸಲ, ತಿಂಗಳ ನಂತರ ಇನ್ನೊಂದು ಸಲ. ಆ ಇನ್ನೊಂದನ್ನು ನೆನಪಿಟ್ಟು ಹಾಕಿಸುವವರು ಎಷ್ಟು ಮಂದಿ? ಇಲಾಖೆಯವರು ತಡವಾಗಿ ಬಂದರೆ ಅವರನ್ನೂ ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಆದರೆ ಅವರು ಬಂದ ದಿನ ದನ ಹೊಡೆದುಕೊಂಡು ಹೊಲಕ್ಕೆ ಹೋದವರು ಯಾರು?

2009ರ ಕೇಂದ್ರದ ಕಾಯ್ದೆ ಪ್ರಕಾರ ಬೇನೆಯ ಸುಳಿವು ಸಿಕ್ಕರೆ ತಿಳಿಸಬೇಕು, ಬೇನೆ ಇದೆಯೆಂದು ಗೊತ್ತಿದ್ದೂ ಸಂತೆಗೆ ತಂದರೆ ಅಪರಾಧ. ಕಾಯ್ದೆ ಕಾಗದದಲ್ಲಿದೆ. ಸಂತೆಯಲ್ಲಿ ನಾವು ನೀವೇ ಇರುವುದು.

ಕಂಡರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ಹೇಳಿ, 1962ಕ್ಕೆ ಫೋನ್ ಮಾಡಿ. ದನವನ್ನು ಬೇರೆ ಕಟ್ಟಿ, ಕೊಟ್ಟಿಗೆಯನ್ನು ವಾಷಿಂಗ್ ಸೋಡಾ ನೀರಿನಿಂದ ತೊಳೆಯಿರಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಎತ್ತು ಒಯ್ಯುವವರು, ಅಮೀನಗಡದ ಸಂತೆಗೆ ಕುರಿ ಹೊಡೆಯುವವರು ಹೊರಡುವ ಹಿಂದಿನ ದಿನ ಲಸಿಕೆಗೆ ಓಡಿದರೆ ಉಪಯೋಗವಿಲ್ಲ, ವಾರಗಳ ಮೊದಲೇ ಹಾಕಿಸಬೇಕು.

“ಹೊಟ್ಟಿಪಾಡು ನೋಡ್ರಿ” ಎನ್ನುತ್ತೀರಿ. ಕೊಂಡವನೂ ಸಾಲ ಮಾಡಿಯೇ ಕೊಂಡಿದ್ದಾನೆ. ಆ ಎತ್ತು ಅವನ ಕೊಟ್ಟಿಗೆಯೊಳಗಿನ ಉಳಿದ ದನಗಳನ್ನೂ ಮಲಗಿಸಿದರೆ, ಹಿಂಗಾರಿ ಜೋಳದ ಬಿತ್ತಿಗೆಗೆ ನಿಮ್ಮ ಎತ್ತು ಕೊಡುತ್ತೀರಾ?