ಅಂಚಿನಲ್ಲಿ ಕೆತ್ತಿದ ಹೆಸರು

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಲೇಬಲ್ಲು... ಶಾಲಾ ಮಕ್ಕಳ ಸಂಗ್ರಹದ ಹವ್ಯಾಸ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಇವಕ್ಕೆ ಅಂಗಡಿಯಲ್ಲಿ ಆಲ್ಬಂ ಸಿಗುತ್ತದೆ, ಬೆಲೆ ತಿಳಿಸುವ ಪುಸ್ತಕ ಸಿಗುತ್ತದೆ, ವಿನಿಮಯಕ್ಕೆ ಗೆಳೆಯರೂ ಸಿಗುತ್ತಾರೆ. ಯುದ್ಧ ಪದಕಗಳ ಸಂಗತಿ ಹಾಗಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಹಿಂದೆ ಯಾರಾದರೂ ಸೈನ್ಯದಲ್ಲಿ ದುಡಿದಿದ್ದ ಮನೆಯಾದರೆ ಅಂಗಡಿಗೆ ಹೋಗಬೇಕಾಗಿಲ್ಲ, ಅಟ್ಟ ಹತ್ತಿದರೆ ಸಾಕು. ಅಲ್ಲೊಂದು ಕರಿ ಬಣ್ಣದ ತಗಡಿನ ಟ್ರಂಕು, ಅದರೊಳಗೆ ನುಸಿ ತಿಂದ ಉಣ್ಣೆಯ ಕೋಟು, ಹಿತ್ತಾಳೆ ಗುಂಡಿಗಳು, ಬಣ್ಣ ಮಾಸಿದ ರಿಬ್ಬನ್ನಿಗೆ ಜೋತುಬಿದ್ದ ಒಂದೆರಡು ಬಿಲ್ಲೆಗಳು ಇದ್ದರೂ ಇರಬಹುದು.

ಈ ಬಿಲ್ಲೆಗಳಿಗೆ ಬಹುಮಟ್ಟಿಗೆ ಬರುವ ಗತಿ ಎರಡೇ. ಒಂದು, ಮಕ್ಕಳ ಆಟಕ್ಕೆ ಸಿಕ್ಕಿ ಕಳೆದುಹೋಗುವುದು. ಎರಡನೆಯದು, ಬೆಳ್ಳಿಯದೆಂದು ತಿಳಿದೊಡನೆ ತಕ್ಕಡಿ ಏರುವುದು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಪದಕಗಳ ಆಯುಷ್ಯ ಕಡಿಮೆಯಾಗುತ್ತದೆ. 1980ರ ಜನವರಿಯಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಬೆಳ್ಳಿ 50 ಡಾಲರಿನ ಹತ್ತಿರ ಹೋದಾಗ ಬ್ರಿಟನ್ನಿನಲ್ಲೇ ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳು ಲೆಕ್ಕವಿಲ್ಲದಷ್ಟು ಕರಗಿಹೋದವು. ಎರಡು ಮೂರು ತೊಲ ಬೆಳ್ಳಿಯ ದುಡ್ಡು ಒಂದು ಹಬ್ಬಕ್ಕೂ ಸಾಲದು. ಆದರೆ ಕುಲುಮೆಗೆ ಹೋಗುವುದು ಬೆಳ್ಳಿಯೊಂದೇ ಅಲ್ಲ. ಪದಕದ ಅಂಚಿನಲ್ಲಿ, ಬರಿಗಣ್ಣಿಗೆ ಥಟ್ಟನೆ ಕಾಣದ ಸಣ್ಣ ಅಕ್ಷರಗಳಲ್ಲಿ, ಒಬ್ಬ ಮನುಷ್ಯನ ಹೆಸರಿರುತ್ತದೆ. ಎಷ್ಟೋ ಸಾಮಾನ್ಯ ಸೈನಿಕರ ಮಟ್ಟಿಗೆ, ಅವರು ಸಮುದ್ರ ದಾಟಿ ಹೋಗಿದ್ದರು ಎನ್ನುವುದಕ್ಕೆ ಮನೆಯಲ್ಲಿ ಉಳಿದಿರುವ ದಾಖಲೆ ಅದೊಂದೇ.

ಪದಕವನ್ನು ಗುರುತಿಸುವ ವಿದ್ಯೆಯ ಮೊದಲ ಪಾಠವೇ ಇದು: ಮುಖ ನೋಡಿ ಮರುಳಾಗಬಾರದು, ಅಂಚು ನೋಡಬೇಕು. ಮುಖದ ಮೇಲಿರುವ ರಾಜ ಎಲ್ಲ ಪದಕಗಳಲ್ಲೂ ಒಬ್ಬನೇ. ಅಂಚಿನಲ್ಲಿರುವವನು ಆ ಒಂದು ಪದಕದಲ್ಲಿ ಮಾತ್ರ ಇರುವವನು.

1914-20ರ ಬ್ರಿಟಿಷ್ ವಾರ್ ಮೆಡಲ್ಲನ್ನೇ ತೆಗೆದುಕೊಳ್ಳಬಹುದು. 36 ಮಿಲಿಮೀಟರ್ ವ್ಯಾಸ, ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಏರಿದ ಬೆತ್ತಲೆ ಸವಾರ. ರಿಬ್ಬನ್ನಿನ ನಡುವೆ ಅಗಲವಾದ ಕಿತ್ತಳೆ ಪಟ್ಟೆ, ಅದರ ಎರಡೂ ಬದಿಗೆ ಬಿಳಿ, ಕಪ್ಪು, ಕೊನೆಯಲ್ಲಿ ನೀಲಿ. ಪದಕವನ್ನು ಅಡ್ಡಲಾಗಿ ಹಿಡಿದು ಭೂತಗನ್ನಡಿಯಿಂದ ಅಂಚನ್ನು ನಿಧಾನವಾಗಿ ಓದಿದರೆ ಮೊದಲು ಒಂದು ಸಂಖ್ಯೆ, ಆಮೇಲೆ ಹುದ್ದೆ, ಹೆಸರು, ಕೊನೆಗೆ ದಳದ ಹೆಸರು, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ, ಸಂಕ್ಷೇಪವಾಗಿ. ಗುಮಾಸ್ತ ಕೇಳಿಸಿಕೊಂಡಂತೆ ಬರೆದುಕೊಂಡ ಹೆಸರಾದ್ದರಿಂದ ನಮ್ಮ ಊರಿನ ಹೆಸರುಗಳು ಅಲ್ಲಿ ಗುರುತೇ ಸಿಗದ ವೇಷ ತೊಟ್ಟಿರುತ್ತವೆ. ಆದ್ದರಿಂದ ಹೆಸರಿಗಿಂತ ಸಂಖ್ಯೆಯನ್ನೇ ಹೆಚ್ಚು ನಂಬಬೇಕು. ಒಂದು ದಳದಲ್ಲಿ ನಾಲ್ಕು ಮಂದಿ ರಂಗಯ್ಯ ಇರಬಹುದು. ಆ ಸಂಖ್ಯೆಯವನು ಒಬ್ಬನೇ.

ಹುದ್ದೆಯ ಜಾಗದಲ್ಲಿ 'ಸವಾರ್' ಎಂದಿದ್ದರೆ ಆತ ಕುದುರೆಪಡೆಯವನು, 'ಸಿಪಾಯ್' ಎಂದಿದ್ದರೆ ಕಾಲಾಳು. ದಳದ ಜಾಗದಲ್ಲಿ 'ಮೈಸೂರು', 'ಲ್ಯಾನ್ಸರ್ಸ್' ಎಂಬ ಪದಗಳು ಕಂಡರೆ ಟ್ರಂಕಿನ ಒಡೆಯರು ಸ್ವಲ್ಪ ಕುಳಿತು ಯೋಚಿಸಬೇಕು. ಮೈಸೂರು ಸಂಸ್ಥಾನದ ಈ ಭರ್ಜಿ ಕುದುರೆಪಡೆ 1914ರಲ್ಲಿ ಈಜಿಪ್ಟಿಗೆ ಹೊರಟಿತು. ಜೋಧಪುರ ಮತ್ತು ಹೈದರಾಬಾದಿನ ಲ್ಯಾನ್ಸರುಗಳೊಂದಿಗೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳದಲ್ಲಿ ಸೇರಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕಿಯರಿಂದ ಬಿಡಿಸಿಕೊಂಡ ಕಾಳಗದಲ್ಲಿ ಪಾಲ್ಗೊಂಡಿತು. ಎದುರಿಗೆ ಮೆಷಿನ್‌ಗನ್ನುಗಳು, ಮೇಲೆ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಫಿರಂಗಿಗಳು. ಇವರ ಕೈಯಲ್ಲಿ ಭರ್ಜಿ, ಕತ್ತಿ. ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನವರ ಪಾಲಿಗೆ ಬಂತು. ಆ ದಿನ 1,300ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು, 17 ಫಿರಂಗಿಗಳು ಕೈವಶವಾದವು. ಇಡೀ ಅಶ್ವದಳದಲ್ಲಿ ಸತ್ತವರು 8 ಮಂದಿ, ಗಾಯಗೊಂಡವರು 34. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಈ ದಳದ ಸ್ಮಾರಕವಿದೆ. ಅದರ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ಎಷ್ಟು ಮಂದಿ ಅದನ್ನು ತಲೆಯೆತ್ತಿ ನೋಡಿದ್ದಾರೋ! ದಳ ತನ್ನ ಹೆಸರನ್ನು ಕಳೆದುಕೊಂಡದ್ದು 1953ರಲ್ಲಿ, ಉಳಿದ ಸಂಸ್ಥಾನಗಳ ಕುದುರೆಪಡೆಗಳೊಡನೆ ಈಗಿನ 61ನೇ ಅಶ್ವದಳದಲ್ಲಿ ಸೇರಿಹೋದಾಗ.

ಕೆಲವೊಮ್ಮೆ ಇದೇ ವಾರ್ ಮೆಡಲ್ ಬೆಳ್ಳಿಯದಾಗಿರದೆ ಕಂಚಿನದಾಗಿರುತ್ತದೆ. 'ಓ, ತಾಮ್ರದ್ದು' ಎಂದು ಮೂಲೆಗೆ ಎಸೆಯುವವರೇ ಹೆಚ್ಚು. ಆದರೆ ಲೆಕ್ಕ ನೋಡಿದರೆ ಬೆಳ್ಳಿಯದು ಸುಮಾರು 65 ಲಕ್ಷ ಅಚ್ಚಾದರೆ ಕಂಚಿನದು ಸುಮಾರು 1 ಲಕ್ಷ 10 ಸಾವಿರ ಮಾತ್ರ. ಅದನ್ನು ಕೊಟ್ಟದ್ದು ಬಂದೂಕು ಹಿಡಿದವರಿಗಲ್ಲ, ಸೈನ್ಯದ ಹಿಂದೆ ಮೂಟೆ ಹೊತ್ತವರಿಗೆ, ರಸ್ತೆ ಕಡಿದವರಿಗೆ, ಹೇಸರಗತ್ತೆ ಹೊಡೆದವರಿಗೆ. ಲೋಹದಲ್ಲೂ ಮೇಲುಕೀಳು ನೋಡಿದ ಸರ್ಕಾರ ಅದು! ಅದೇ ಸರ್ಕಾರ ಸತ್ತವರ ಮನೆಗೆ ಕಳಿಸಿದ ಅಂಗೈಯಗಲದ, 120 ಮಿಲಿಮೀಟರ್ ವ್ಯಾಸದ ಕಂಚಿನ ಸ್ಮರಣ ಫಲಕದಲ್ಲಿ ಮಾತ್ರ ಹುದ್ದೆಯನ್ನು ಕೆತ್ತಲಿಲ್ಲ, ಬರಿಯ ಹೆಸರನ್ನಷ್ಟೇ ಕೆತ್ತಿತು. ಸತ್ತ ಮೇಲೆ ಜನರಲ್ಲೂ ಜವಾನನೂ ಒಂದೇ ಎಂಬ ಲೆಕ್ಕ.

ಕಿರೀಟವೋ, ಸಿಂಹವೋ?

ಅಂಚಿನಲ್ಲಿ ಬರಹವೇ ಇಲ್ಲದಿದ್ದರೆ? ಎರಡನೇ ಮಹಾಯುದ್ಧದ ಪದಕಗಳಲ್ಲಿ ಈ ಪಜೀತಿ ಸಾಮಾನ್ಯ. ಆರು ಮೂಲೆಯ ಹಳದಿ ನಕ್ಷತ್ರಗಳು ಬಹುಪಾಲು ಹೆಸರಿಲ್ಲದೆಯೇ ಹಂಚಿಕೆಯಾದವು. ಆಗ ಮಾತಾಡಬೇಕಾದದ್ದು ರಿಬ್ಬನ್ನು. ನಡುವೆ ಅಗಲವಾದ ಕೆಂಪು, ಎರಡೂ ಬದಿಯ ನೀಲಿಯಲ್ಲಿ ಒಂದೊಂದು ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಮರಳಿನ ಬಣ್ಣವಿದ್ದರೆ ಆಫ್ರಿಕಾ. ಕೆಂಪು, ಬಿಳಿ, ಹಸಿರು ಇದ್ದರೆ ಇಟಲಿ. ಭಾರತದ ಭೂಪಟವಿರುವ ದುಂಡನೆಯ ಪದಕ ಸಿಕ್ಕರೆ ಅದು ಇಂಡಿಯಾ ಸರ್ವೀಸ್ ಮೆಡಲ್, ರಣರಂಗಕ್ಕೆ ಹೋಗದೆ ದೇಶದೊಳಗೇ ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. ತಾತ ಜಪಾನಿಯರೊಡನೆ ಕಾದಾಡಿದ ಕಥೆಗಳನ್ನು ಕೇಳುತ್ತಾ ಬೆಳೆದ ಮನೆಯಲ್ಲಿ ಇದೊಂದೇ ಪದಕ ಸಿಕ್ಕರೆ ಕಥೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕಾದೀತು. ಆದರೆ ಅವಸರ ಬೇಡ, ಉಳಿದ ಪದಕಗಳು ಕಳೆದುಹೋಗಿರಲೂಬಹುದು!

ಸಮವಸ್ತ್ರದ ಕಾಲ ತಿಳಿಯಲು ಗುಂಡಿ, ಭುಜದ ಬಿಲ್ಲೆಗಳೇ ಪಂಚಾಂಗ. ಬ್ರಿಟಿಷ್ ಕಿರೀಟವಿದ್ದರೆ ಅದು 1950ರ ಜನವರಿ 26ಕ್ಕಿಂತ ಹಿಂದಿನದು. ಗಣರಾಜ್ಯವಾದ ದಿನ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹಗಳು ಬಂದವು. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ನೌಕರಿ ಎಂದು ಊಹಿಸಬಹುದು. ಅದು ಸೈನ್ಯವೇ ಎಂದು ಮಾತ್ರ ಹೇಳಲಾಗದು, ಏಕೆಂದರೆ ಅದು ಇಡೀ ಸಂಸ್ಥಾನದ ಲಾಂಛನ. ಸ್ವಾತಂತ್ರ್ಯಾನಂತರದ ಪದಕಗಳು ಹೆಚ್ಚು ಕಷ್ಟ ಕೊಡುವುದಿಲ್ಲ: ಸಮರ ಸೇವಾ ಸ್ಟಾರ್ 1965ರದು, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರವು. ಪೂರ್ವಿ ಎಂದರೆ ಬಾಂಗ್ಲಾದೇಶದ ಕಡೆ, ಪಶ್ಚಿಮಿ ಎಂದರೆ ಪಾಕಿಸ್ತಾನದ ಗಡಿ.

ಶ್ರವಣಬೆಳಗೊಳದ ಅಳಿಸಿದ ಅಕ್ಷರ

ಬೆಲೆ ಇರುವಲ್ಲಿ ಮೋಸವೂ ಇದ್ದೇ ಇರುತ್ತದೆ. ಸಾಮಾನ್ಯ ಪದಕದ ಅಂಚಿನ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಹೆಸರಾಂತ ದಳದ ಸೈನಿಕನೊಬ್ಬನ ಹೆಸರು ಕೆತ್ತಿ ಮಾರುವವರಿದ್ದಾರೆ. ಇದೇನೂ ಇಂದಿನ ಕಲಿಗಾಲದ ಕುತಂತ್ರವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ತ್ಯಾಗದ ಬ್ರಹ್ಮದೇವರ ಕಂಬವಿದೆ. ಗಂಗರ ದಂಡನಾಯಕ, ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ, ತನ್ನ ಯುದ್ಧಸಾಧನೆಗಳನ್ನು ಹತ್ತನೇ ಶತಮಾನದಲ್ಲಿ ಆ ಕಂಬದ ಮೇಲೆ ಕೆತ್ತಿಸಿದ್ದ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಎಂಬಾತ ಕಂಬದ ಮೂರು ಬದಿಯ ಬರಹವನ್ನು ಅಳಿಸಿಹಾಕಿ ತನ್ನದೇ ಎರಡೂವರೆ ಸಾಲನ್ನು ಬರೆಸಿಕೊಂಡನೆಂದು ಶಾಸನತಜ್ಞರು ಗುರುತಿಸಿದ್ದಾರೆ. ಚಾವುಂಡರಾಯನದು ಉತ್ತರದ ಬದಿಯಲ್ಲಷ್ಟೇ ಉಳಿಯಿತು. ಆತನ ಬದುಕಿನ ಬಗ್ಗೆ ಆ ಮೂರು ಬದಿಗಳು ಏನು ಹೇಳುತ್ತಿದ್ದವೋ, ಅದು ಇನ್ನು ಯಾರಿಗೂ ಸಿಗುವಂತಿಲ್ಲ.

ಕಂಬದಲ್ಲಾಗಲಿ ಪದಕದಲ್ಲಾಗಲಿ ಉಜ್ಜಿದ ಜಾಗ ತಗ್ಗಾಗಲೇಬೇಕು. ಪದಕದ ತಗ್ಗನ್ನು ಹಿಡಿಯಲು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಸಾಕು. ನಾಲ್ಕೈದು ಕಡೆ ವ್ಯಾಸ ಅಳೆದು ನೋಡಬೇಕು. ಎಲ್ಲ ಕಡೆಯೂ ಒಂದೇ ಬಂದರೆ ಸರಿ. ಒಂದು ಕಡೆ ಅರ್ಧ ಮಿಲಿಮೀಟರ್ ಕಡಿಮೆಯಾದರೂ ಅನುಮಾನ ಪಡಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಉಪಕರಣಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಹಾಗೆಂದು ಪ್ರತಿ ನಕಲೂ ಮೋಸವಲ್ಲ. ಕಳೆದುಹೋದ ಪದಕದ ಬದಲಿಗೆ ದಂಡಿನ ದರ್ಜಿಯಿಂದ ನಕಲು ಕೊಂಡು ಎದೆಗೆ ಸಿಕ್ಕಿಸಿಕೊಂಡ ಸೈನಿಕರು ಹಿಂದೆಯೂ ಇದ್ದರು. ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಇಂದು ನಿಂತಿರುವುದೂ ಪ್ರತಿಕೃತಿಯೇ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಮೂಲ ಶಾಸನ ಮೈಸೂರು ಸೇರಿದೆ. ಕನ್ನಡದ ಅತಿ ಹಳೆಯ ಶಾಸನ ಎಂದು ಪಠ್ಯಪುಸ್ತಕದಲ್ಲಿ ಓದುವ, ಸುಮಾರು ಕ್ರಿ.ಶ. 450ರ ಈ ಕಲ್ಲಿನಲ್ಲಿರುವುದಾದರೂ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬಾತನಿಗೆ ಎರಡು ಹಳ್ಳಿಗಳನ್ನು 'ಬಾಳ್ಗಳ್ಚು' ಕೊಟ್ಟ ಸಂಗತಿ. ಬಾಳು ಎಂದರೆ ಕತ್ತಿ. ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ದತ್ತಿ ಅದು. ಯಾರಿಗೆ, ಯಾವ ಕಾಳಗಕ್ಕೆ, ಯಾರು, ಏನು ಕೊಟ್ಟರು ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಉತ್ತರ ಹೇಳುತ್ತದೆ. ಟ್ರಂಕಿನ ಬಿಲ್ಲೆಯನ್ನು ಕೇಳಬೇಕಾದದ್ದೂ ಆ ನಾಲ್ಕನ್ನೇ.

ಇನ್ನು ಕಾಪಾಡುವ ಮಾತು. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡುವುದು ಮನೆಯ ಹೆಂಗಸರಿಗೆ ಸಹಜವಾಗಿ ತೋಚುವ ಸೇವೆ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ಅಕ್ಷರ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಕಪ್ಪಾಗಿದ್ದರೆ ಇರಲಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮಸುಕಾದ ಅಕ್ಷರ ಓದಲು ಟಾರ್ಚನ್ನು ನೇರಕ್ಕೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಬೇಕು. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಅರಕಲಗೂಡಿನ ಮಳೆಗಾಲದ ತೇವಕ್ಕೆ ರಿಬ್ಬನ್ನು ಬೂಷ್ಟು ಹಿಡಿಯುವುದರಿಂದ ಬಿಸಿಲು ಬಿದ್ದ ದಿನ ನೆರಳಿನಲ್ಲಿ ಹರಡಿ ಗಾಳಿಯಾಡಿಸಬೇಕು. ಉಣ್ಣೆಯ ಕೋಟನ್ನು ಒಗೆಯಲೇಬಾರದು. ಒಂದು ಕಟ್ಟಿನ ಪದಕಗಳನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದೂ ತಪ್ಪು. ಹೊಲ ಪಾಲಾದರೂ ಬೆಳೆ ಬರುತ್ತದೆ, ಪಾಲಾದ ಪದಕಗಳಿಂದ ಸೈನಿಕನ ಕಥೆ ಬರುವುದಿಲ್ಲ.

ಕಾನೂನಿನ ಸಂಗತಿಯನ್ನು ಹಿರಿಯರು ತಿಳಿದಿರಬೇಕು. ಟ್ರಂಕಿನಲ್ಲಿ ಗುಂಡು, ಕೈಬಾಂಬಿನಂಥ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ನೂರು ವರ್ಷವಾದರೂ ಮದ್ದು ಮದ್ದೇ. 1972ರ ಪ್ರಾಚ್ಯವಸ್ತು ಕಾಯಿದೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಾಚೆ ಕಳಿಸುವುದನ್ನು ನಿಷೇಧಿಸುತ್ತದೆ. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸು ಮುಟ್ಟಿವೆ. ಮೊಬೈಲಿನಲ್ಲಿ ಚಿತ್ರ ನೋಡಿ ಹೊರದೇಶದಿಂದ ಬೆಲೆ ಕೇಳುವವರಿಗೆ ಅಂಚೆಯಲ್ಲಿ ಕಳಿಸಿಬಿಡುವ ಮುನ್ನ ಇದು ನೆನಪಿರಲಿ.

ಮನೆಯಲ್ಲಿ ಇಡಲಾಗದಿದ್ದರೆ ಅರಕಲಗೂಡಿನ ಪಕ್ಕದ ಕೊಡಗನ್ನು ನೋಡಬಹುದು. ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಮಡಿಕೇರಿಯ 'ಸನ್ನಿಸೈಡ್' ಮನೆ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಸತ್ತ ಸೈನಿಕನ ಹೆಸರು ಹುಡುಕುವವರಿಗೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಎರಡೂ ಮಹಾಯುದ್ಧಗಳ 17 ಲಕ್ಷ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಬದುಕಿ ಮರಳಿದವರ ಹೆಸರು ಅಲ್ಲಿ ಸಿಗದು.

ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲ ಇರುತ್ತವೆ, ಊರು ಇರುವುದಿಲ್ಲ. ಅವನು ಹೊಳೆನರಸೀಪುರದ ಕಡೆಯವನೋ, ಚನ್ನರಾಯಪಟ್ಟಣದ ಕಡೆಯವನೋ, ಯಾರ ಮಗ, ಯಾವಾಗ ಹಿಂದಿರುಗಿದ ಎನ್ನುವುದನ್ನು ಹೇಳಬಲ್ಲವರು ಮನೆಯ ಹಿರಿಯ ಹೆಣ್ಣುಮಕ್ಕಳು. ಈ ಬೇಸಿಗೆ ರಜೆಯಲ್ಲೇ ಅವರನ್ನು ಕೇಳಿ ಬರೆದುಕೊಂಡು ಆ ಹಾಳೆಯನ್ನು ಪದಕದ ಜೊತೆಗೇ ಇಡಬೇಕು. ಬರೆಯುವುದು ಪೆನ್ಸಿಲ್ಲಿನಲ್ಲಾದರೆ ಮೇಲು, ಮಲೆನಾಡಿನ ತೇವಕ್ಕೆ ಶಾಯಿ ಹರಡುತ್ತದೆ.