ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಆಡಬಹುದು



ಮಗ ಗೇಮಿಂಗ್ ಕಂಪ್ಯೂಟರ್ ಬೇಕೆಂದರೆ ಹೌಹಾರುವ ನಮ್ಮ ಶ್ರೀನಿವಾಸಪುರದ ಮಾವು ಬೆಳೆಗಾರ ತಂದೆಯರಿಗೆ ಒಂದು ಮಾತು. ಲಕ್ಷ ರೂಪಾಯಿ ಸುರಿಯಬೇಕಿಲ್ಲ. ರೈಜನ್ 5 5600ಜಿ ಥರದ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರುತ್ತದೆ; ಬೇರೆ ಕಾರ್ಡ್ ಕೊಳ್ಳದೆಯೇ ವ್ಯಾಲೊರಂಟ್‌ನಂಥ ಉಚಿತ ಆಟ ಸರಾಗವಾಗಿ ಓಡುತ್ತದೆ. ಆದರೆ ಈ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದ ಕಡ ತೆಗೆದುಕೊಳ್ಳುತ್ತದೆ. ಹಾಗಾಗಿ 16 ಜಿಬಿಯ ಒಂದೇ ರ‍್ಯಾಮ್ ಬದಲು 8 ಜಿಬಿಯ ಎರಡನ್ನು ಜೋಡಿಯಾಗಿ ಹಾಕಿ, ಆಟದ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆಯೇ ಗಗನಕ್ಕೇರಿತು, ಅದು ಬೇರೆ ಸಂಕಟ.

ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಪವರ್ ಸಪ್ಲೈ ಮಾತ್ರ ಹೊಸದು, ಒಳ್ಳೆಯದು ತನ್ನಿ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಆಡುವ ಆಟ ಯಾವ ವಿಡಿಯೊ ಗೇಮ್‌ಗೂ ಕಡಿಮೆಯಿಲ್ಲ!

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಸರಿಯೇ. ಆದರೆ ಆ ಆಟಗಳ ಮೇಲಿನ ಕೋಪವನ್ನು ಸ್ಕ್ರೂಡ್ರೈವರ್ ಹಿಡಿದು ಮದರ್‌ಬೋರ್ಡ್ ಕೂರಿಸುವ ಹುಡುಗರ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಮಾಲೂರು, ಮುಳಬಾಗಿಲಿನ ಹುಡುಗರು ಬಿಡಿಭಾಗಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ ಹತ್ತುತ್ತಾರೆ. ಕೆಟ್ಟರೆ ಬದಲಿಸಲು ಮತ್ತೆ ಅದೇ ದಾರಿ. ಕೋಲಾರದ ಅಂಗಡಿಯವರು ಇವನ್ನೆಲ್ಲ ತರಿಸಿ, ಬಿಲ್ಲು, ವಾರಂಟಿ ಸಮೇತ ಮಾರಿದರೆ ನೂರಿನ್ನೂರು ಹೆಚ್ಚಾದರೂ ಇಲ್ಲೇ ಕೊಳ್ಳುತ್ತೇವೆ.

– ಒಬ್ಬ ಓದುಗ, ಶ್ರೀನಿವಾಸಪುರ